ಹಳೆಯ ಓಮ್ನಿಯ ಕ್ಲಚ್ ಕೇಬಲ್ ಹೊಂದಿಸುವುದು: ಘಟ್ಟದ ಗಾಡಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ಲಚ್ ಪೆಡಲ್ ಒತ್ತಿದಾಗ ಮೊದಲ ಒಂದಿಂಚಿನಷ್ಟು ದೂರ ಅದು ಹೆಚ್ಚಿನ ತಡೆಯಿಲ್ಲದೆ ಕೆಳಗಿಳಿಯಬೇಕು, ಆಮೇಲೆ ಸ್ಪ್ರಿಂಗಿನ ಬಿಗಿ ಕಾಲಿಗೆ ಸಿಗಬೇಕು. ಮೆಕ್ಯಾನಿಕ್‌ಗಳು ‘ಪ್ಲೇ’ ಎಂದು ಕರೆಯುವ ಈ ಸಡಿಲು ಗಾಡಿಯ ದೋಷವಲ್ಲ, ತಯಾರಕರೇ ಬೇಕೆಂದು ಬಿಟ್ಟ ಅಂತರ. ಹಾಗಿದ್ದರೂ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆ ಇಂದಿಗೂ ಓಡುತ್ತಿರುವ ಹಳೆಯ ಓಮ್ನಿಗಳಲ್ಲಿ ಈ ಅಂತರ ಸರಿಯಾಗಿರುವುದನ್ನು ನಾನು ಕಂಡದ್ದು ಕಡಿಮೆ. ಕೆಲವರ ಗಾಡಿಯಲ್ಲಿ ಪೆಡಲ್ ಅರ್ಧ ಇಳಿದರೂ ಕ್ಲಚ್ ಬಿಡುವುದಿಲ್ಲ. ಇನ್ನು ಕೆಲವರು ‘ಘಟ್ಟ ಹತ್ತಬೇಕು, ಟೈಟಾಗಿರಲಿ’ ಎಂದು ಕೇಬಲನ್ನು ತಂತಿಯ ಹಾಗೆ ಎಳೆಸಿಕೊಂಡಿರುತ್ತಾರೆ. ಮೊದಲನೆಯದು ಗೇರ್‌ಬಾಕ್ಸನ್ನು ತಿನ್ನುತ್ತದೆ, ಎರಡನೆಯದು ಕ್ಲಚ್ ಪ್ಲೇಟನ್ನು ಸುಡುತ್ತದೆ.

ವಿದೇಶದ ಹಳೆಯ ಆಟೋಮ್ಯಾಟಿಕ್ ವ್ಯಾನುಗಳಲ್ಲಿ ಆಕ್ಸಿಲರೇಟರಿಗೂ ಗೇರ್‌ಬಾಕ್ಸಿಗೂ ನಡುವೆ ‘ಕಿಕ್‌ಡೌನ್’ ಎಂಬ ಸರಳೋ ಕೇಬಲ್ಲೋ ಇರುತ್ತದೆ. ಚಾಲಕ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ, ಒಂದು ಗೇರ್ ಕೆಳಗೆ ಬರಬೇಕೆಂಬ ಸೂಚನೆ ಅದರ ಮೂಲಕ ಗೇರ್‌ಬಾಕ್ಸಿಗೆ ತಲುಪುತ್ತದೆ. ನಮ್ಮ ಓಮ್ನಿಯಲ್ಲಿ ಆ ತೀರ್ಮಾನ ಚಾಲಕನ ಎಡಗಾಲು ಮತ್ತು ಎಡಗೈಯದು. ಆಗುಂಬೆಯ ತಿರುವಿನಲ್ಲಿ ಎರಡರಿಂದ ಒಂದಕ್ಕೆ ಇಳಿಯುವ ಆ ಕ್ಷಣದಲ್ಲಿ ಕೇಬಲ್ ಮಾತು ಕೇಳದಿದ್ದರೆ ಗಾಡಿ ನಿಂತಲ್ಲೇ ಹಿಂದಕ್ಕೆ ಜಾರುತ್ತದೆ.

ಒಳಗೆ ಏನು ನಡೆಯುತ್ತದೆ

1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೂ ತಯಾರಾದ ಈ ಗಾಡಿಯಲ್ಲಿ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿ ಕೂತಿದೆ. ಅದರ ಹಿಂದೆ ಕ್ಲಚ್, ಕ್ಲಚ್ಚಿನ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಉದ್ದದ ಶಾಫ್ಟು ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಪೆಡಲ್ ಮಾತ್ರ ಗಾಡಿಯ ಮೂತಿಯಲ್ಲಿದೆ. ಆದ್ದರಿಂದ ಪೆಡಲಿನಿಂದ ಹೊರಟ ಕೇಬಲ್ ನೆಲದ ತಗಡಿನ ಕೆಳಗೆ, ಕೆಸರು ನೀರು ಚಿಮ್ಮುವ ದಾರಿಯಲ್ಲೇ ಸಾಗಿ, ಗೇರ್‌ಬಾಕ್ಸಿನ ಮುಂಭಾಗದ ಗಂಟೆಯಾಕಾರದ ಹೌಸಿಂಗಿನಿಂದ ಹೊರಚಾಚಿರುವ ರಿಲೀಸ್ ಲಿವರಿನ ಬಳಿ ಮುಗಿಯುತ್ತದೆ. ಮಳೆಗಾಲದಲ್ಲಿ ಈ ಕೇಬಲ್ಲಿನ ಪಾಡು ಏನೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಪೆಡಲ್ ಒತ್ತಿದಾಗ ಕೇಬಲ್ ಲಿವರನ್ನು ಎಳೆಯುತ್ತದೆ, ಲಿವರ್ ಒಳಗಿನ ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ, ಬೇರಿಂಗು, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿದಿರುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಆಗ ಕ್ಲಚ್ ಪ್ಲೇಟು ಹಿಡಿತದಿಂದ ಬಿಡುಗಡೆಯಾಗುತ್ತದೆ. ಕಾಲು ತೆಗೆದಾಗ ಬೇರಿಂಗಿಗೂ ಆ ಬೆರಳುಗಳಿಗೂ ಮಧ್ಯೆ ಚೂರು ಜಾಗ ಉಳಿಯಬೇಕು. ಆ ಜಾಗವೇ ಪೆಡಲಿನಲ್ಲಿ ಒಂದಿಂಚಿನ ಸಡಿಲಾಗಿ ಕಾಣುತ್ತದೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಸಂಗತಿಯಿದೆ. ಕ್ಲಚ್ ಪ್ಲೇಟು ಸವೆದಂತೆ ಸಡಿಲು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಪ್ಲೇಟು ತೆಳುವಾದಾಗ ಪ್ರೆಶರ್ ಪ್ಲೇಟು ಫ್ಲೈವೀಲಿನ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರದ) ಕಡೆ ಸರಿಯುತ್ತದೆ, ಅದರ ಬೆರಳುಗಳು ಹಿಂದಕ್ಕೆ ಎದ್ದು ಬೇರಿಂಗಿನ ಹತ್ತಿರ ಬರುತ್ತವೆ. ಕೇಬಲ್ ಹಿಗ್ಗಿದರೆ ಮಾತ್ರ ಸಡಿಲು ಹೆಚ್ಚುತ್ತದೆ. ಎರಡೂ ಒಟ್ಟಿಗೆ ನಡೆಯುವ ಹಳೆಯ ಗಾಡಿಯಲ್ಲಿ ಒಂದು ಇನ್ನೊಂದನ್ನು ಮುಚ್ಚಿಹಾಕುವುದರಿಂದ, ಪೆಡಲ್ ನೋಡಲು ಸರಿಯಾಗಿದ್ದರೂ ಒಳಗೆ ಪ್ಲೇಟು ಮುಗಿಯುತ್ತ ಬಂದಿರಬಹುದು. ಹೀಗಾಗಿ ಹೊಂದಿಸುವ ಮೊದಲೂ ಹೊಂದಿಸಿದ ಮೇಲೂ ಕೇಬಲ್ಲಿನ ತುದಿಯ ನಟ್ ಎಲ್ಲಿ ಕೂತಿದೆ ಎಂದು ನೋಡುವ ಅಭ್ಯಾಸ ಬೇಕು. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮುನ್ನ ರೋಗ ಯಾವುದೆಂದು ತಿಳಿಯಿರಿ

ಸಮತಟ್ಟು ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಪೆಡಲನ್ನು ನೆಲಕ್ಕೆ ಮುಟ್ಟುವಷ್ಟು ಒತ್ತಿ ನಾಲ್ಕೈದು ಸೆಕೆಂಡು ಕಾದು, ನಿಧಾನವಾಗಿ ರಿವರ್ಸ್ ಗೇರ್ ಹಾಕಿ. ‘ಕರ್ರ್’ ಎಂದು ಹಲ್ಲು ಕಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಸಡಿಲು ಅತಿಯಾಗಿರುವುದು ಇದಕ್ಕೆ ಸಾಮಾನ್ಯ ಕಾರಣ.

ಜಾರುವಿಕೆಯನ್ನು ಪತ್ತೆ ಮಾಡಲು ಏರುರಸ್ತೆ ಬೇಕು. ಮೂರನೇ ಗೇರಿನಲ್ಲಿ ಏರುವಾಗ ಆಕ್ಸಿಲರೇಟರ್ ತುಸು ಹೆಚ್ಚು ಕೊಡಿ. ಎಂಜಿನ್ನಿನ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಓಮ್ನಿಯಲ್ಲಿ ಎಂಜಿನ್ ಸುತ್ತು ತೋರಿಸುವ ಮೀಟರ್ ಇಲ್ಲದಿದ್ದರೂ ಎಂಜಿನ್ ನಿಮ್ಮ ಸೀಟಿನ ಕೆಳಗೇ ಇರುವುದರಿಂದ ಕಿವಿಯೇ ಸಾಕು. ಸದ್ದೂ ಏರದೆ, ವೇಗವೂ ಏರದೆ ಗಾಡಿ ಸೋತಂತೆ ಕಂಡರೆ ಅದು ಕ್ಲಚ್ಚಿನ ಕಾಯಿಲೆಯಲ್ಲ. ಆಕ್ಸಿಲರೇಟರ್ ಕೇಬಲ್ ಪೂರ್ತಿ ತೆರೆಯುತ್ತಿದೆಯೇ, ಪೆಟ್ರೋಲ್ ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕು.

ನಿಂತಲ್ಲೇ ಮಾಡುವ ಇನ್ನೊಂದು ಪರೀಕ್ಷೆಯಿದೆ: ಹ್ಯಾಂಡ್‌ಬ್ರೇಕ್ ಎಳೆದು, ಕಾಲ್‌ಬ್ರೇಕ್ ಒತ್ತಿ, ಮೇಲಿನ ಗೇರಿನಲ್ಲಿ ನಿಧಾನವಾಗಿ ಕ್ಲಚ್ ಬಿಟ್ಟರೆ ಎಂಜಿನ್ ತಟ್ಟನೆ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಇದನ್ನು ಒಮ್ಮೆ ಮಾಡಿದರೆ ಸಾಕು, ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಸದ್ದಿನ ವಿಷಯ ಎರಡೇ ಮಾತಿನಲ್ಲಿ: ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್ ಮೇಲೆ ಸಂಶಯ, ಪೆಡಲ್ ಬಿಟ್ಟಾಗ ಇದ್ದು ಒತ್ತಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಒಳಗಿನ ಬೇರಿಂಗಿನದು. ಇವೆರಡಕ್ಕೂ ಕೇಬಲ್ ಹೊಂದಿಸುವುದು ಮದ್ದಲ್ಲ.

ಮಳೆಗಾಲದ ಒಂದು ವಿಶೇಷ ಪ್ರಸಂಗ

ಜೂನ್ ಕಳೆದು ಆಗಸ್ಟ್ ಬರುವವರೆಗೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತೇ ಇದ್ದ ಗಾಡಿಯನ್ನು ಹಬ್ಬಕ್ಕೆಂದು ಹೊರತೆಗೆದಾಗ, ಪೆಡಲ್ ಎಷ್ಟು ಒತ್ತಿದರೂ ಗೇರ್ ಬೀಳದಿರುವುದುಂಟು. ತೇವದಿಂದ ಫ್ಲೈವೀಲಿನ ಮೇಲೆ ತುಕ್ಕು ಹಿಡಿದು ಕ್ಲಚ್ ಪ್ಲೇಟು ಅದಕ್ಕೆ ಅಂಟಿಕೊಂಡಿರುತ್ತದೆ. ಇದು ತಿಳಿಯದೆ ಕೇಬಲನ್ನು ಬಿಗಿ ಮಾಡುತ್ತ ಹೋಗುವವರು, ಪ್ಲೇಟು ಬಿಟ್ಟ ಮರುದಿನ ಸಡಿಲೇ ಇಲ್ಲದ ಕ್ಲಚ್ಚಿನೊಂದಿಗೆ ಊರು ಸುತ್ತುತ್ತಾರೆ. ಆದ್ದರಿಂದ ಗಾಡಿ ವಾರಗಟ್ಟಲೆ ನಿಂತಿದ್ದರೆ ಮೊದಲು ಪೆಡಲಿನ ಸಡಿಲನ್ನು ಅಳೆಯಿರಿ. ಅದು ಹಿಂದಿನಂತೆಯೇ ಇದ್ದು ಕ್ಲಚ್ ಬಿಡುತ್ತಿಲ್ಲವೆಂದರೆ ಕೇಬಲನ್ನು ಮುಟ್ಟಬೇಡಿ.

ಅಂಟಿದ ಪ್ಲೇಟನ್ನು ಬಿಡಿಸುವ ಕ್ರಮ ಹೀಗಿದೆ. ಎಂಜಿನ್ನನ್ನು ನ್ಯೂಟ್ರಲಿನಲ್ಲಿ ಬಿಸಿಯಾಗುವಷ್ಟು ಓಡಿಸಿ ನಿಲ್ಲಿಸಿ. ಮುಂದೆ ಜನ, ದನ, ಚರಂಡಿ ಯಾವುದೂ ಇಲ್ಲದ ಸಮತಟ್ಟು ಬಯಲಿನಲ್ಲಿ ಗಾಡಿಯನ್ನಿಟ್ಟು, ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿಕೊಂಡೇ ಚಾಲೂ ಮಾಡಿ. ಪ್ಲೇಟು ಅಂಟಿರುವುದರಿಂದ ಗಾಡಿ ಚಾಲೂ ಆದೊಡನೆ ಮುಂದಕ್ಕೆ ಹೊರಡುತ್ತದೆ ಎಂಬುದು ನೆನಪಿರಲಿ, ಬಲಗಾಲು ಬ್ರೇಕಿನ ಬಳಿಯೇ ಇರಲಿ. ಪೆಡಲನ್ನು ಬಿಡದೆ ಆಕ್ಸಿಲರೇಟರನ್ನು ಒಮ್ಮೆ ಕೊಟ್ಟು ಒಮ್ಮೆ ತೆಗೆಯುತ್ತ ನಿಧಾನಕ್ಕೆ ಓಡಿಸಿದರೆ ಆ ಜಗ್ಗಾಟಕ್ಕೆ ಪ್ಲೇಟು ಕಳಚಿಕೊಳ್ಳುವ ಸಾಧ್ಯತೆ ಹೆಚ್ಚು. ಹೀಗೂ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸುವುದೇ ದಾರಿ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಗಾಡಿಯಲ್ಲಿ ಈ ಪ್ರಯೋಗ ಖಂಡಿತ ಬೇಡ.

ಸಿದ್ಧತೆ

10, 12, 14ರ ಸ್ಪ್ಯಾನರುಗಳು, ಒಂದು ಪ್ಲೈಯರ್, ತಂತಿಯ ಬ್ರಶ್, ತುಕ್ಕು ಬಿಡಿಸುವ ಎಣ್ಣೆ, ಸ್ವಲ್ಪ ಗ್ರೀಸ್, ಟಾರ್ಚು, ಶಾಲೆಯ ಮಕ್ಕಳ ಆರಿಂಚಿನ ಸ್ಕೇಲು, ಸೀಮೆಸುಣ್ಣ, ಮತ್ತು ಹೇಳಿದಷ್ಟು ಮಾತ್ರ ಪೆಡಲ್ ಒತ್ತುವ ಒಬ್ಬ ಸಹಾಯಕ. ನಟ್ಟಿಗೆ ತುಕ್ಕಿನ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿಟ್ಟರೆ ಮರುದಿನದ ಅರ್ಧ ಕೆಲಸ ಮುಗಿದಂತೆ.

ಗಾಡಿಯ ಕೆಳಗೆ ನುಗ್ಗಬೇಕಾಗುವುದರಿಂದ ಇಲ್ಲಿ ಅವಸರ ಸಲ್ಲದು. ಅಡಿಕೆ ಒಣಗಿಸುವ ಗಟ್ಟಿ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಣ್ಣಿನ ಅಂಗಳವಾದರೆ ಜಾಕಿ ಹೂತುಹೋಗದಂತೆ ಅಡಿಗೆ ದಪ್ಪ ಹಲಗೆ ಕೊಡಿ. ಮುಂಭಾಗವನ್ನು ಎತ್ತಿದ ಮೇಲೆ, ಗಾಡಿಯ ಕೈಪಿಡಿ ತೋರಿಸಿರುವ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೇ ಒಳಗೆ ಹೋಗಬೇಕು. ನಮ್ಮ ಕಡೆ ಕೈಗೆ ಸಿಗುವ ಜಂಬಿಟ್ಟಿಗೆ ಕಲ್ಲನ್ನು ಸ್ಟ್ಯಾಂಡಿನ ಬದಲು ಇಡುವವರನ್ನು ನೋಡಿದ್ದೇನೆ. ಮನೆಯ ಗೋಡೆಯನ್ನು ಹೊರುವ ಆ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಸೀಳಬಹುದು, ಅದೂ ಮುನ್ಸೂಚನೆ ಕೊಡದೆ.

ಹಿಂದಿನ ಎರಡೂ ಚಕ್ರಗಳಿಗೆ ಮುಂದೂ ಹಿಂದೂ ಮರದ ಅಡ್ಡಿ ಕೊಡಿ. ‘ಗೇರಿನಲ್ಲಿ ಹಾಕಿದ್ದೇನಲ್ಲ’ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ನಿಮ್ಮ ಸಹಾಯಕ ಕ್ಲಚ್ ಒತ್ತಿದ ಕ್ಷಣವೇ ಗೇರಿನ ಹಿಡಿತ ತಪ್ಪುತ್ತದೆ. ಎಂಜಿನ್ ತಣ್ಣಗಿರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಹೌಸಿಂಗಿನ ಸುತ್ತ ಕೂತ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಹಳೆಯ ಕ್ಲಚ್ ಪ್ಲೇಟುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ.

ಅಳೆಯುವುದು

ಮೊದಲು ಪೆಡಲಿನ ಕೆಳಗಿರುವ ಮ್ಯಾಟು, ಗೋಣಿಚೀಲ ಎಲ್ಲವನ್ನೂ ತೆಗೆಯಿರಿ. ಮಳೆಗಾಲದಲ್ಲಿ ಕೆಸರಿಗೆಂದು ಎರಡು ಮಡಿಕೆ ಗೋಣಿ ಹಾಸಿ, ಪೆಡಲ್ ಪೂರ್ತಿ ಇಳಿಯದೆ ಕ್ಲಚ್ ಕೆಟ್ಟಿದೆ ಎಂದು ಗ್ಯಾರೇಜಿಗೆ ಬಂದ ಗಾಡಿಗಳೂ ಇವೆ.

ಸ್ಕೇಲನ್ನು ಪೆಡಲಿನ ಪಕ್ಕ ನೆಟ್ಟಗೆ ನಿಲ್ಲಿಸಿ, ಪೆಡಲಿನ ಮೇಲ್ಭಾಗ ಎಲ್ಲಿದೆ ಎಂದು ನೋಡಿ. ಈಗ ಕಾಲಿನಿಂದಲ್ಲ, ಕೈಬೆರಳಿನಿಂದ ಒತ್ತಿ. ಎಲ್ಲಿ ಗಟ್ಟಿಯಾದ ತಡೆ ಸಿಗುತ್ತದೆಯೋ ಅಲ್ಲಿ ನಿಲ್ಲಿಸಿ ಮತ್ತೆ ಅಂಕಿ ನೋಡಿ. ಎರಡರ ವ್ಯತ್ಯಾಸವೇ ಸಡಿಲು. ಈ ಬಗೆಯ ಕೇಬಲ್ ಕ್ಲಚ್ಚಿಗೆ ಪೆಡಲಿನಲ್ಲಿ 20ರಿಂದ 30 ಮಿ.ಮೀ., ಲಿವರಿನ ತುದಿಯಲ್ಲಿ 2ರಿಂದ 4 ಮಿ.ಮೀ. ಎಂದು ಇಟ್ಟುಕೊಳ್ಳುವುದು ರೂಢಿ. ನಿಮ್ಮ ಮಾದರಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಬೂಟು ಹಾಕಿದ ಕಾಲಿಗೆ ಹತ್ತು ಮಿಲಿಮೀಟರಿನ ವ್ಯತ್ಯಾಸ ತಿಳಿಯುವುದೇ ಇಲ್ಲ, ಆದರೆ ಲಿವರಿನ ತುದಿಯಲ್ಲಿ ಅದು ಸುಮಾರು ಒಂದು ಮಿಲಿಮೀಟರು, ಅಂದರೆ ಇರಬೇಕಾದ ಅಂತರದ ಮೂರನೇ ಒಂದು ಭಾಗ.

ಇದನ್ನು ನಾನು ಕಲಿತದ್ದು ದುಬಾರಿ ಬೆಲೆ ತೆತ್ತು. ಹಲವು ವರ್ಷಗಳ ಹಿಂದೆ ಸ್ಕೇಲಿನ ಗೊಡವೆಯಿಲ್ಲದೆ ಕಾಲಿನ ಅಂದಾಜಿನಲ್ಲೇ ಕೇಬಲ್ ಬಿಗಿ ಮಾಡಿಕೊಂಡು, ಹೆಬ್ರಿಯಿಂದ ತೆಂಗಿನಕಾಯಿ ಮೂಟೆ ತುಂಬಿ ಆಗುಂಬೆ ಘಾಟಿ ಹತ್ತಿಸಿದೆ. ಹದಿನಾಲ್ಕು ತಿರುವುಗಳಲ್ಲಿ ಅರ್ಧ ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಇನ್ನೆರಡು ತಿರುವಿಗೆ ಎಂಜಿನ್ ಕೂಗಿದರೂ ಗಾಡಿ ಕದಲಲಿಲ್ಲ. ಮೂಟೆಗಳನ್ನು ಬೇರೊಂದು ಗಾಡಿಗೆ ದಾಟಿಸಿ, ನನ್ನದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ. ಗೇರ್‌ಬಾಕ್ಸ್ ಇಳಿಸಿದ ಹಿರಿಯ ಮೆಕ್ಯಾನಿಕ್ ಬೈಯಲಿಲ್ಲ. ‘ಕಾಲಿಗೆ ಲೆಕ್ಕ ಬರಲ್ಲ ಮಾರಾಯ್ರೇ, ಸ್ಕೇಲ್ ಹಿಡೀರಿ’ ಎಂದಷ್ಟೇ ಹೇಳಿದರು.

ಕೇಬಲ್ಲಿನ ತಪಾಸಣೆ

ಹೊಂದಿಸಲು ಯೋಗ್ಯವಲ್ಲದ ಕೇಬಲನ್ನು ಹೊಂದಿಸಿ ಫಲವಿಲ್ಲ. ಟಾರ್ಚು ಹಿಡಿದು ಪೆಡಲಿನ ಕೊಕ್ಕೆಯ ಬಳಿ ನೋಡಿ, ತಂತಿಯ ಒಂದೆಳೆ ಕಡಿದು ಹೊರಚಾಚಿದ್ದರೂ ಆ ಕೇಬಲ್ ಬದಲಾಗಬೇಕು. ಹೊರಕವಚ ಎಲ್ಲಿಯಾದರೂ ಬಿರಿದಿದೆಯೇ, ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆಯೇ, ಚೂಪಾಗಿ ಬಾಗಿದೆಯೇ ಎಂದು ಕೈಯಾಡಿಸಿ. ಸಹಾಯಕ ನಿಧಾನವಾಗಿ ಪೆಡಲ್ ಒತ್ತುವಾಗ ಹೊರಕವಚವನ್ನು ಹಿಡಿದಿರುವ ಬ್ರಾಕೆಟ್ಟುಗಳನ್ನು ಗಮನಿಸಿ. ಓಮ್ನಿಯ ತಗಡು ತುಕ್ಕಿಗೆ ಬೇಗ ಒಲಿಯುವಂಥದ್ದು. ಬ್ರಾಕೆಟ್ ಕೂತ ಜಾಗದ ತಗಡೇ ಪೆಡಲಿನ ಜೊತೆ ಒಳಗೆ ಹೊರಗೆ ಉಸಿರಾಡುತ್ತಿದ್ದರೆ ನಿಮ್ಮ ಕಾಲಿನ ಎಳೆತದ ಒಂದು ಪಾಲು ಅಲ್ಲೇ ಕಳೆದುಹೋಗುತ್ತದೆ. ಅಂಥ ಗಾಡಿಗೆ ಮೊದಲು ವೆಲ್ಡಿಂಗ್, ಆಮೇಲೆ ಸ್ಪ್ಯಾನರ್.

ತಂತಿ ಚೆನ್ನಾಗಿದ್ದು ಬಿಗಿಯಾಗಿ ಮಾತ್ರ ಓಡುತ್ತಿದ್ದರೆ ಕೇಬಲನ್ನು ಬಿಚ್ಚಿ, ತೊಲೆಯ ಮೊಳೆಗೆ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ತುಂಡಿನ ಆಲಿಕೆ ಕಟ್ಟಿ, ಎಂಜಿನ್ ಆಯಿಲನ್ನು ಹನಿಹನಿಯಾಗಿ ರಾತ್ರಿಯಿಡೀ ಇಳಿಯಲು ಬಿಡಬಹುದು. ಕೆಳತುದಿಯಿಂದ ಮೊದಲು ಕೆಂಪು ನೀರು, ನಂತರ ಶುದ್ಧ ಎಣ್ಣೆ ಬರುತ್ತದೆ. ಒಳಗೆ ನೈಲಾನ್ ನಳಿಕೆಯಿರುವ ಹೊಸ ಬಗೆಯ ಕೇಬಲ್ಲಿಗೆ ಮಾತ್ರ ಎಣ್ಣೆ ಹಾಕಬೇಡಿ, ಅದು ಧೂಳನ್ನು ಹಿಡಿದು ಅಂಟಾಗುತ್ತದೆ.

ನಟ್ ತಿರುಗಿಸುವುದು

ಕೇಬಲ್ಲಿನ ಹಿಂದಿನ ತುದಿಯಲ್ಲಿ ಥ್ರೆಡ್ ಇರುವ ಸರಳು ಲಿವರಿನ ಮೂಲಕ ಹಾದು ಹೊರಬರುತ್ತದೆ, ಅದರ ಮೇಲೆ ಹೊಂದಿಸುವ ನಟ್ ಇರುತ್ತದೆ. ಥ್ರೆಡ್ಡನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ನಟ್ ಇರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಟ್ಟಿನ ಹೊರಗೆ ಎಷ್ಟು ಉದ್ದದ ಥ್ರೆಡ್ ಕಾಣುತ್ತಿದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಜೊತೆಗೆ ಲಾಕ್ ನಟ್ ಇದ್ದರೆ ಮೊದಲು ಅದನ್ನು ಸಡಿಲಿಸಬೇಕು.

ನಟ್ಟನ್ನು ಒಳಕ್ಕೆ ಬಿಗಿ ಮಾಡಿದರೆ ಸಡಿಲು ಕಡಿಮೆಯಾಗುತ್ತದೆ, ಹೊರಕ್ಕೆ ಬಿಚ್ಚಿದರೆ ಹೆಚ್ಚುತ್ತದೆ. ತಿರುಗಿಸುವಾಗ ಸರಳು ತಾನೂ ತಿರುಗಿ ಕೇಬಲ್ ಹುರಿಗೊಳ್ಳದಂತೆ ಪ್ಲೈಯರಿನಿಂದ ಹಿಡಿಯಿರಿ, ಆದರೆ ಥ್ರೆಡ್ಡಿನ ಮೇಲೆ ಹಿಡಿಯಬೇಡಿ, ಅದರ ಹಿಂದಿನ ನುಣುಪು ಭಾಗವನ್ನು ಹಿಡಿಯಿರಿ. ಹುರಿಗೊಂಡ ಕೇಬಲ್ ಇವತ್ತು ಸರಿಯಾದ ಅಳತೆ ತೋರಿಸಿ ನಾಳೆ ಬಿಚ್ಚಿಕೊಂಡು ಬೇರೆ ಅಳತೆಗೆ ಹೋಗುತ್ತದೆ. ಒಂದು ಪೂರ್ತಿ ಸುತ್ತು ಲಿವರಿನಲ್ಲಿ ಸುಮಾರು ಒಂದು ಮಿಲಿಮೀಟರಿನ ವ್ಯತ್ಯಾಸ ಮಾಡಿದರೂ ಪೆಡಲಿನಲ್ಲಿ ಅದು ಹಲವು ಪಟ್ಟಾಗಿ ಕಾಣುವುದರಿಂದ, ಅರ್ಧ ಸುತ್ತಿಗೊಮ್ಮೆ ನಿಲ್ಲಿಸಿ ಅಳೆಯಬೇಕು. ಪ್ರತಿ ಸಲವೂ ಅಳೆಯುವ ಮೊದಲು ಸಹಾಯಕ ಪೆಡಲನ್ನು ಐದಾರು ಬಾರಿ ಪೂರ್ತಿ ಒತ್ತಿ ಬಿಡಲಿ, ಆಗ ಕೇಬಲ್ ತನ್ನ ಜಾಗದಲ್ಲಿ ಕೂರುತ್ತದೆ. ಲಿವರನ್ನು ಕೈಯಿಂದ ಅಲುಗಿಸಿ 2ರಿಂದ 4 ಮಿ.ಮೀ. ಆಟ ಇದೆಯೇ ಎಂದೂ ನೋಡಿ. ಪೆಡಲಿನಲ್ಲಿ ಸಡಿಲಿದ್ದು ಲಿವರಿನಲ್ಲಿ ಇಲ್ಲದಿದ್ದರೆ ಆ ಸಡಿಲು ಸವೆದ ಪೆಡಲ್ ಬುಶ್ಶಿನದು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಘಟ್ಟದಲ್ಲಿ ಓಡುವ ಗಾಡಿಗೆ ನಾನು 20ಕ್ಕಿಂತ 30ರ ಕಡೆಗೆ ಇಡುವವನು. ಪ್ಲೇಟು ಸವೆದಂತೆ ಈ ಅಂತರ ತಾನಾಗಿಯೇ ಕಡಿಮೆಯಾಗುವುದರಿಂದ, ಮೇಲಿನ ಅಂಚಿನಲ್ಲಿ ಆರಂಭಿಸಿದರೆ ಮುಂದಿನ ತಪಾಸಣೆಯವರೆಗೆ ಅವಕಾಶ ಉಳಿಯುತ್ತದೆ. ರಿವರ್ಸ್ ಗೇರ್ ಸದ್ದಿಲ್ಲದೆ ಬೀಳುತ್ತಿರಬೇಕು, ಅದೊಂದೇ ಷರತ್ತು.

ಈಗ ನಟ್ಟಿನ ಜಾಗ ನೋಡಿ. ಅದು ಗಾಡಿಯ ಜಾತಕ ಇದ್ದ ಹಾಗೆ. ನಟ್ ಒಳಕ್ಕೆ ಹೋಗಿ ಹೊರಗೆ ಉದ್ದ ಥ್ರೆಡ್ ಉಳಿದಿದ್ದರೆ ಕೇಬಲ್ ಹಿಗ್ಗಿದೆ, ಇನ್ನೊಂದು ಸಲ ಬಿಗಿ ಮಾಡುವ ಬದಲು ಹೊಸ ಕೇಬಲ್ ಹಾಕುವುದು ಲೇಸು. ನಟ್ ಸರಳಿನ ತುದಿಗೆ ಬಂದು ಕೂತಿದ್ದು, ಸಡಿಲು ಕೊಡಲು ಇನ್ನು ಜಾಗವೇ ಇಲ್ಲವೆಂದರೆ ಪ್ಲೇಟಿನ ಆಯುಸ್ಸು ಮುಗಿದಿದೆ. ಅಂಥ ಗಾಡಿ ಊರೊಳಗೆ ಇನ್ನೂ ಕೆಲವು ದಿನ ಓಡೀತು, ಹುಲಿಕಲ್ ಘಾಟಿಗೆ ಇಳಿಸಿದರೆ ಮೇಲಕ್ಕೆ ಬರುವ ಭರವಸೆಯಿಲ್ಲ. ಅಳತೆ ಸರಿಯಿದ್ದೂ ಜಾರುತ್ತಿದ್ದರೆ ಹೌಸಿಂಗಿನ ಅಡಿಯಲ್ಲಿ ಎಣ್ಣೆಯ ಜಿಡ್ಡಿದೆಯೇ ನೋಡಿ. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟು ನೆನೆದಿರಬಹುದು.

ಕೊನೆಗೆ ನಟ್ಟನ್ನು ಲಾಕ್ ಮಾಡಿ, ಥ್ರೆಡ್ಡಿಗೆ ಗ್ರೀಸ್ ಸವರಿ, ರಬ್ಬರ್ ಬೂಟಿದ್ದರೆ ಜಾಗಕ್ಕೆ ಕೂರಿಸಿ.

ಆಕ್ಸಿಲರೇಟರ್ ಕೇಬಲ್

ಗಾಡಿಯನ್ನು ಕೆಳಗಿಳಿಸಿದ ಮೇಲೆ, ಮುಂದಿನ ಸೀಟು ಎತ್ತಿ ಇದನ್ನೂ ನೋಡಿಬಿಡಿ, ಐದು ನಿಮಿಷದ ಕೆಲಸ. ಎಂಜಿನ್ ನಿಲ್ಲಿಸಿರುವಾಗ ಸಹಾಯಕ ಆಕ್ಸಿಲರೇಟರ್ ಪೆಡಲನ್ನು ಪೂರ್ತಿ ತುಳಿಯಲಿ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು ತೆರೆಯುವ ಥ್ರಾಟಲ್ ಲಿವರ್ ತನ್ನ ಕೊನೆಯ ತಡೆಯನ್ನು ಮುಟ್ಟಬೇಕು. ಕಾಲು ತೆಗೆದಾಗ ಕೇಬಲ್ಲಿನಲ್ಲಿ ಕೆಲವು ಮಿಲಿಮೀಟರ್ ಸಡಿಲು ಉಳಿದು, ಲಿವರ್ ತಟ್ಟನೆ ಹಿಂದಕ್ಕೆ ಬರಬೇಕು. ನಿಧಾನವಾಗಿ ಬಂದರೆ ಆ ಕೇಬಲ್ಲಿಗೂ ಮೇಲೆ ಹೇಳಿದ ಎಣ್ಣೆಯ ಉಪಚಾರವೇ ಆಗಬೇಕು, ಇಳಿಜಾರಿನಲ್ಲಿ ಸಿಕ್ಕಿಕೊಂಡ ಆಕ್ಸಿಲರೇಟರಿನಷ್ಟು ಅಪಾಯದ ವಸ್ತು ಬೇರೆ ಇಲ್ಲ.

ಓಡಿಸಿ ನೋಡುವುದು

ಮೊದಲ ದಿನವೇ ಘಾಟಿಗೆ ಹೊರಡಬೇಡಿ. ಶಿವಮೊಗ್ಗದವರು ಗಾಜನೂರು, ಮಂಡಗದ್ದೆಯ ಕಡೆಗೆ ಹೋಗಿ ಬಂದರೆ ಬೇಕಾದಷ್ಟು ಗೇರ್ ಬದಲಾವಣೆ ಸಿಗುತ್ತದೆ. ನಾಲ್ಕೂ ಗೇರುಗಳಲ್ಲಿ ಓಡಿಸಿ, ಸಣ್ಣ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕಿನ ಮೇಲೆ ಗಾಡಿ ಹಿಡಿದು ಹೊರಡಿಸಿ ನೋಡಿ. ಏರಿನಲ್ಲಿ ಗಾಡಿಯನ್ನು ಹಾಫ್ ಕ್ಲಚ್ಚಿನಲ್ಲೇ ತೂಗುತ್ತ ನಿಲ್ಲಿಸುವ ಅಭ್ಯಾಸ ಎಷ್ಟು ಚೆನ್ನಾಗಿ ಹೊಂದಿಸಿದ ಕ್ಲಚ್ಚನ್ನೂ ಹಾಳುಮಾಡುತ್ತದೆ. ಬಿಡುವಿನಲ್ಲಿ ಎಡಗಾಲನ್ನು ಪೆಡಲಿನ ಮೇಲೆ ಇಟ್ಟುಕೊಳ್ಳುವುದೂ ಅಷ್ಟೇ. ನೀವು ಸ್ಕೇಲ್ ಹಿಡಿದು ಬಿಟ್ಟ ಅಂತರವನ್ನು ಪಾದದ ಭಾರವೇ ತಿಂದುಹಾಕುತ್ತದೆ.

ಹಳೆಯ ಕೇಬಲ್ಲಾದರೆ ವಾರದ ನಂತರ, ಹೊಸದಾದರೆ 300-400 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಹೊಸ ಕೇಬಲ್ಲಿನ ಕವಚ ಮೊದಮೊದಲು ಒತ್ತಿ ಕೂರುತ್ತದೆ. ಆಮೇಲೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಸಾಕು. ತಾರೀಕು, ಕಿಲೋಮೀಟರ್, ಪೆಡಲಿನ ಸಡಿಲು, ನಟ್ಟಿನ ಹೊರಗಿನ ಥ್ರೆಡ್ಡಿನ ಉದ್ದ, ಈ ನಾಲ್ಕನ್ನು ಡ್ಯಾಶ್‌ಬೋರ್ಡಿನ ಪುಸ್ತಕದಲ್ಲಿ ಬರೆದಿಡಿ. ಒಂದು ಹೊಸ ಕೇಬಲನ್ನು ಗಾಡಿಯಲ್ಲೇ ಇಟ್ಟುಕೊಳ್ಳುವುದಾದರೆ ಸಣ್ಣ ಸುರುಳಿ ಸುತ್ತಿ ಸೀಟಿನಡಿಗೆ ತುರುಕದೆ, ಅಗಲವಾದ ಸುರುಳಿಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಿಂದಿನ ಸೀಟಿನ ಬೆನ್ನಿಗೆ ಕಟ್ಟಿಡಿ.